ಕೊನೆಯ ತನಕ ಮನೆಯ ನಾಯಿ

ಬೀದಿಯಿಂದ ಮನೆಗೆ ಬಂದ ನಾಯಿಯ ಹುಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಪಶುವೈದ್ಯರು ತುಟಿ ಎತ್ತಿ ಹಲ್ಲಿನ ಸವೆತ ನೋಡಿ "ನಾಲ್ಕು ವರ್ಷ ಇರಬಹುದು" ಎನ್ನುತ್ತಾರೆ. ಮನೆಯವರು ಆ ಅಂದಾಜನ್ನೇ ಹಿಡಿದು ವರ್ಷ ಎಣಿಸುತ್ತಾರೆ. ಅದು ಮೊದಲು ಎಲ್ಲಿ ಮಲಗುತ್ತಿತ್ತು, ಯಾರ ಕಲ್ಲೇಟಿಗೆ ಕಾಲು ಕುಂಟಾಯಿತು, ಉಣ್ಣಿ ಕಚ್ಚಿ ಎಷ್ಟು ಸಲ ಜ್ವರ ಬಂದು ತಾನಾಗಿ ಇಳಿಯಿತು, ಯಾವುದಕ್ಕೂ ದಾಖಲೆಯಿಲ್ಲ. ಪೊರಕೆ ಎತ್ತಿದರೆ ಮಂಚದಡಿ ಸೇರುವ ಅಭ್ಯಾಸವೊಂದೇ ಹಿಂದಿನ ಬದುಕಿನ ಸುಳಿವು. ವರ್ಷಗಟ್ಟಲೆ ಅನ್ನ ಹಾಕಿ, ಮೈದಡವಿ, ಆ ಭಯ ಬಿಡಿಸಿದ ಮೇಲೆ ಒಂದು ದಿನ ವೈದ್ಯರು ರಕ್ತಪರೀಕ್ಷೆಯ ವರದಿ ನೋಡಿ "ಇದು ಗುಣವಾಗುವ ಕಾಯಿಲೆಯಲ್ಲ" ಎಂದರೆ, ಕೇಳಿದವರಿಗೆ ಕಾಲಡಿಯ ನೆಲ ಕುಸಿಯುತ್ತದೆ.

ಆ ಮಾತು ಬರುವ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಬೇಕು. ಗಡ್ಡೆ ಕಂಡ ಕೂಡಲೇ ಕೈಚೆಲ್ಲಬೇಕಿಲ್ಲ. ಬೀದಿನಾಯಿಗಳಲ್ಲಿ ಸಂಗದಿಂದ ಹರಡುವ ಒಂದು ಬಗೆಯ ಗಡ್ಡೆ ಸಾಮಾನ್ಯ. ನೋಡಲು ಭಯಂಕರವಾಗಿ ರಕ್ತ ಸೋರುತ್ತಿದ್ದರೂ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ಚೇತರಿಸಿಕೊಳ್ಳುತ್ತವೆ. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾದ ಕಥೆ ಬೇರೆ. ಚಿಕಿತ್ಸೆ ಕೊಡದಿದ್ದರೆ ಹೆಚ್ಚಿನ ನಾಯಿಗಳಿಗೆ ಉಳಿಯುವುದು ನಾಲ್ಕರಿಂದ ಆರು ವಾರ. ಹಲವು ಔಷಧಿಗಳ ಕಿಮೊಥೆರಪಿಗೆ ಒಗ್ಗಿದವು ಸುಮಾರು ಒಂದು ವರ್ಷ ಬದುಕುತ್ತವೆ. ನಾಯಿಗೆ ಕೊಡುವ ಕಿಮೊಥೆರಪಿಯ ಮುಖ್ಯ ಗುರಿ ರೋಗವನ್ನು ಬೇರುಸಹಿತ ಕೀಳುವುದಲ್ಲ, ಇರುವಷ್ಟು ಕಾಲ ಚೆನ್ನಾಗಿಡುವುದು. ಅದಕ್ಕೇ ಮನುಷ್ಯರಿಗೆ ಕೊಡುವುದಕ್ಕಿಂತ ಸೌಮ್ಯವಾದ ಪ್ರಮಾಣದಲ್ಲಿ ಕೊಡುತ್ತಾರೆ.

ಕಿಡ್ನಿ ಕಾಯಿಲೆ ಇನ್ನೂ ಮೌನಿ. ಕಿಡ್ನಿಯ ಮೂರನೇ ಎರಡು ಭಾಗ, ಕೆಲವೊಮ್ಮೆ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೆ ಮಾಮೂಲಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವುದೇ ಇಲ್ಲ. ನಾಯಿ ನೀರು ಹೆಚ್ಚು ಕುಡಿಯುತ್ತದೆ, ರಾತ್ರಿ ಎದ್ದು ಹೊರಗೆ ಬಿಡಿ ಎಂದು ಬಾಗಿಲು ಕೆರೆಯುತ್ತದೆ. ಸೆಕೆಗಾಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಊಟ ಬಿಟ್ಟು, ಬಾಯಿ ವಾಸನೆ ಬಂದು, ವಾಂತಿ ಶುರುವಾದ ಮೇಲೆ ಪರೀಕ್ಷೆ ಮಾಡಿಸಿದರೆ ವೈದ್ಯರು ಎಣಿಸುವ ನಾಲ್ಕು ಹಂತಗಳಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಮೊದಲೇ ಯಾಕೆ ನೋಡಲಿಲ್ಲ ಎಂದು ಮನೆಮಂದಿ ತಮ್ಮನ್ನು ಹಳಿದುಕೊಳ್ಳುತ್ತಾರೆ. ಆದರೆ ಅಷ್ಟು ದಿನ ಕಾಯಿಲೆಯನ್ನು ಮುಚ್ಚಿಟ್ಟದ್ದು ಅವರ ಅಲಕ್ಷ್ಯವಲ್ಲ, ಆ ಅಂಗದ ಸ್ವಭಾವ.

ಇಲ್ಲಿಂದ ಮನೆಯವರ ಕೆಲಸ ಬದಲಾಗುತ್ತದೆ. ಗುಣಪಡಿಸುವುದು ಕೈಯಲ್ಲಿಲ್ಲ, ಇವತ್ತಿನ ದಿನವನ್ನು ಹಗುರ ಮಾಡುವುದು ಕೈಯಲ್ಲಿದೆ.

ಆ ಕೆಲಸ ಬಹಳ ಸಣ್ಣದು, ಬಹಳ ದೊಡ್ಡದು. ಭುಜದ ಹತ್ತಿರ ಚರ್ಮವನ್ನು ಎತ್ತಿ ಹಿಡಿದು ಅದರಡಿ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ ಇಳಿಸುವುದನ್ನು ವೈದ್ಯರು ಮನೆಯವರಿಗೇ ಕಲಿಸುತ್ತಾರೆ. ಕಿಟಕಿಯ ಕಂಬಿಗೆ ಬಾಟಲಿ ಕಟ್ಟಿ, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ಆಸ್ಪತ್ರೆಯ ಭಯವೂ ತಪ್ಪುತ್ತದೆ. ಟೈಲ್ಸ್ ನೆಲದ ಮೇಲೆ ಸೋತ ಕಾಲು ಜಾರುವುದರಿಂದ ಗೋಣಿಚೀಲವನ್ನೋ ಹಳೆಯ ಜಮಖಾನವನ್ನೋ ಹಾಸಬೇಕು. ಎದ್ದು ನಿಲ್ಲಲಾಗದ ನಾಯಿಯನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಹುಣ್ಣಾಗುತ್ತದೆ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಎದ್ದು ಎರಡು ತುತ್ತು ಹೆಚ್ಚು ತಿನ್ನಬಹುದು. ಬಾಯಿ ಬಿಡಿಸಿ ತುರುಕುವುದು ಬೇಡ. ಹೊಟ್ಟೆ ತೊಳಸುವಾಗ ಬಲವಂತ ಮಾಡಿದರೆ ಅನ್ನದ ಮೇಲೇ ದ್ವೇಷ ಹುಟ್ಟುತ್ತದೆ. ಮನೆಯ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು. ಪ್ರೀತಿಯಿಂದ ಕೊಟ್ಟ ಒಂದು ನೋವಿನ ಮಾತ್ರೆ ದಣಿದ ಕಿಡ್ನಿಯನ್ನು ಪೂರ್ತಿ ಕೆಡಿಸಬಲ್ಲದು.

2022ರ ಜೂನ್‌ನಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರ ಇಂಥದೇ ಕಥೆಯನ್ನು ಹೇಳಿತು. ಕ್ರೂರ ಮಾಲೀಕನಿಂದ ತಪ್ಪಿಸಿಕೊಂಡು ಬಂದ ನಾಯಿಗೆ ರಕ್ತನಾಳದ ಕ್ಯಾನ್ಸರ್ ಎಂದು ತಿಳಿದಾಗ ಕಥಾನಾಯಕ ಧರ್ಮ ಅದಕ್ಕೆ ಹಿಮ ತೋರಿಸಲು ಹೊರಡುತ್ತಾನೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ, ಹಿಂದಿನ ವರ್ಷ ತೀರಿಹೋದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಕಣ್ಣೀರಿಟ್ಟರು. ಎಲ್ಲರೂ ಹಿಮಾಲಯಕ್ಕೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಸೋತ ನಾಯಿಗೆ ಗೇಟಿನಾಚೆಯ ಹೊಂಗೆಮರವೇ ದೂರದ ಊರು. ಅಲ್ಲಿಗೆ ಎತ್ತಿಕೊಂಡು ಹೋಗಿ ನೆರಳಲ್ಲಿ ಇಳಿಸಿ, ಬುಡವನ್ನು ಅದಕ್ಕೆ ಬೇಕೆನ್ನಿಸುವಷ್ಟು ಹೊತ್ತು ಮೂಸಲು ಬಿಟ್ಟರೆ ಆ ದಿನದ ಯಾತ್ರೆ ಆದಂತೆಯೇ.

ಸಾವಿನ ಸುದ್ದಿ ಮೊದಲೇ ಗೊತ್ತಾಗುವುದರಲ್ಲಿ ಒಂದು ಅಪಾಯವಿದೆ. ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನದಲ್ಲಿ, ಗಂಡ ಯುದ್ಧದಿಂದ ಬದುಕಿ ಬರಲಾರನೆಂದು ಮುಂಚೆಯೇ ದುಃಖಿಸಿ ಮುಗಿಸಿದ್ದ ಹೆಂಡತಿಯ ಪ್ರಸಂಗವಿದೆ. ಗಂಡ ಬದುಕಿಯೇ ಬಂದ; ಅವಳ ಮನಸ್ಸು ಅವನನ್ನು ಆಗಲೇ ಬೀಳ್ಕೊಟ್ಟಿತ್ತು. ಕಾಯಿಲೆಯ ನಾಯಿಯ ಮುಂದೆಯೂ ಹೀಗಾಗುತ್ತದೆ. ಬಾಲ ಆಡಿಸುತ್ತ ಎದುರಿಗೇ ನಿಂತಿರುತ್ತದೆ, ನೋಡುವವರು ಆಗಲೇ ಅಳುತ್ತಿರುತ್ತಾರೆ. ಅದಕ್ಕೆ ತನ್ನ ವರದಿ ಗೊತ್ತಿಲ್ಲ. ಸಂಜೆ ಸ್ಕೂಟರಿನ ಸದ್ದು ಕೇಳಿದರೆ ಇಂದಿಗೂ ಕಿವಿ ನೆಟ್ಟಗಾಗುತ್ತದೆ. ಅಳು ಬಂದರೆ ಅಳಬೇಕು, ಆದರೆ ಆ ಸಂಜೆಯನ್ನು ಅದರ ಜೊತೆಯಲ್ಲೇ ಕಳೆಯಬೇಕು.

ದುಃಖಕ್ಕೆ ಇನ್ನೊಂದು ಭಾರವೂ ಸೇರುತ್ತದೆ. "ಅಯ್ಯೋ, ನಾಯಿ ತಾನೇ, ಇನ್ನೊಂದು ತಂದ್ರಾಯ್ತು ಬಿಡಿ" ಎಂದು ಪಕ್ಕದ ಮನೆಯವರು ಹೇಳುತ್ತಾರೆ, ಅದರಲ್ಲೂ ಬೀದಿನಾಯಿ ಎಂದರೆ "ಅದಕ್ಕೆ ಇಷ್ಟು ಖರ್ಚೇ?" ಸಮಾಜ ಒಪ್ಪಿಕೊಳ್ಳದ ಇಂಥ ದುಃಖ ಒಳಗೇ ಉಳಿದು ಹೆಚ್ಚು ನೋಯಿಸುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕದ ಮೂಲಕ ಎತ್ತಿ ತೋರಿಸಿದರು. ಕನ್ನಡ ನಾಡಿನಲ್ಲಿ ಈ ದುಃಖಕ್ಕೆ ಹತ್ತನೇ ಶತಮಾನದಲ್ಲೇ ಕಲ್ಲಿನ ಮನ್ನಣೆ ಸಿಕ್ಕಿತ್ತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ಯೋಧ, ಮೆಚ್ಚಿದ ಒಡೆಯನನ್ನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅರ್ಚಕ ಉಣ್ಣಬಾರದೆಂದು ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಆ ಶಿಲ್ಪ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಗಾಗಿ ಅತ್ತವರು ನಾಚಬೇಕಾದ ನೆಲ ಇದಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೊನೆಗೆ ಬರುತ್ತದೆ: ಎಲ್ಲಿಯವರೆಗೆ? ಕ್ಯಾಲಿಫೋರ್ನಿಯಾದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ ಇದಕ್ಕೊಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವಿನ ಹತೋಟಿ, ಹಸಿವು, ನೀರಿನ ಅಂಶ, ಮೈಯ ಸ್ವಚ್ಛತೆ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಿದರೆ ಆಸೆಯ ಕಣ್ಣಿಗೆ ಕಾಣದ ಇಳಿಜಾರು ಕಾಗದದ ಮೇಲೆ ಕಾಣುತ್ತದೆ. ನಾಯಿಗಳು ನೋವನ್ನು ಕೂಗಿ ಹೇಳುವುದು ಕಡಿಮೆ. ಸುಮ್ಮನಿದ್ದಾಗಲೂ ಏದುಸಿರು, ಎಲ್ಲಿ ಮಲಗಿದರೂ ನೆಮ್ಮದಿಯಿಲ್ಲದೆ ಜಾಗ ಬದಲಿಸುವುದು, ಒಂದೇ ಕಡೆ ನೆಕ್ಕುವುದು, ಮೂಲೆ ಸೇರುವುದು: ಇವೇ ಅವುಗಳ ಮಾತು.

"ಡಾಕ್ಟ್ರೇ, ನಿಮ್ಮ ಮನೆ ನಾಯಿ ಆಗಿದ್ರೆ ಏನು ಮಾಡ್ತಿದ್ರಿ?" ಎಂದು ಜನ ಕೇಳುವುದು ಆಗಲೇ. ಉತ್ತರ ದಯಾಮರಣವಾದರೆ, ಅದರಲ್ಲಿ ಏನಾಗುತ್ತದೆಂದು ಮೊದಲೇ ತಿಳಿದಿದ್ದರೆ ಭಯ ಕಡಿಮೆ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುತ್ತಾರೆ. ನಂತರ ರಕ್ತನಾಳಕ್ಕೆ ಅರಿವಳಿಕೆಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಆಮೇಲೊಂದು ದೀರ್ಘ ಉಸಿರು ಬರಬಹುದು, ಅದು ನೋವಲ್ಲ. ಮನೆಗೇ ಬರುವ ವೈದ್ಯರೂ ಇದ್ದಾರೆ. ಆ ಹೊತ್ತಿಗೆ ಸಾಕಿದವರು ಪಕ್ಕದಲ್ಲಿರಬೇಕು, ಗುರುತಿನ ದನಿ ಕಿವಿಗೆ ಬೀಳುತ್ತಿರಬೇಕು. ರಸ್ತೆ ಬದಿಯಲ್ಲಿ ಒಂಟಿಯಾಗಿ ಸಾಯಬಹುದಾಗಿದ್ದ ಜೀವವನ್ನು ಮನೆಗೆ ತಂದವರು ಅದಕ್ಕೆ ಮಾಡಬೇಕಾದ ಉಪಕಾರ ಇನ್ನೂ ಮುಗಿದಿರುವುದಿಲ್ಲ. ಹೀಗೆ ಪಕ್ಕದಲ್ಲಿರುವುದೂ ಅದರದೇ ಭಾಗ. ಮಕ್ಕಳಿಗೆ "ಊರಿಗೆ ಕಳಿಸಿದೆವು" ಎಂದು ಸುಳ್ಳು ಹೇಳದೆ, ಸತ್ತುಹೋಯಿತು ಎಂದೇ ಹೇಳಿ ಜೊತೆಗೆ ಕೂತು ಅಳುವುದು ಲೇಸು.

ಉಳಿದ ಡ್ರಿಪ್ ಬಾಟಲಿ, ಹಾಸಿಗೆ, ಅವಧಿ ಮುಗಿಯದ ಔಷಧಿಗಳನ್ನು ಎಷ್ಟೋ ಮನೆಯವರು ಪ್ರಾಣಿಗಳ ಆಶ್ರಯಧಾಮಕ್ಕೆ ಒಯ್ದು ಕೊಡುತ್ತಾರೆ. ಅಲ್ಲಿಗೆ ಬರುವವರು ಹೆಚ್ಚಾಗಿ ಕೇಳುವುದು ಮರಿಗಳನ್ನು. ಮೂತಿ ನರೆತ, ಕಾಯಿಲೆ ಬಿದ್ದ ನಾಯಿಗಳು ಒಳಗಿನ ಗೂಡುಗಳಲ್ಲೇ ಉಳಿಯುತ್ತವೆ. ಚರ್ಮದಡಿ ಡ್ರಿಪ್ ಇಳಿಸಲು, ಮಗ್ಗುಲು ತಿರುಗಿಸಲು, ನೋವಿನ ಗುರುತು ಓದಲು ಕಲಿತ ಇಂಥ ಮನೆಯವರಲ್ಲಿ ಕೆಲವರು, ಸಮಯ ಕಳೆದ ಮೇಲೆ ಅಲ್ಲಿಗೆ ಮತ್ತೆ ಹೋಗಿ ಆ ಮುದಿ ನಾಯಿಗಳಲ್ಲೇ ಒಂದನ್ನು ಕೇಳಿ ಕರೆತರುತ್ತಾರೆ. ಅದು ಹೆಚ್ಚು ದಿನ ಉಳಿಯದೆಂದು ಗೊತ್ತಿದ್ದೇ ಕರೆತರುತ್ತಾರೆ.