ಪ್ರಭಾವನೆಗೆ ಮೊದಲು ಸ್ಥಿತೀಕರಣ

ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾದ ಬಳಿಕ ಊರೂರಿನ ಬಸದಿಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ಜರುಗುತ್ತವೆ. ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಹಾರ, ಸ್ಮರಣಿಕೆ, ತಂದೆತಾಯಿಗಳಿಗೆ ಧನ್ಯತೆ, ದಾನಿಗಳಿಗೆ ಸಂತೃಪ್ತಿ. ಗುಣವನ್ನು ಕಂಡು ಹರ್ಷಿಸುವ ಪ್ರಮೋದ ಭಾವನೆ ಶ್ರಾವಕನಿಗೆ ಭೂಷಣವೇ ಸರಿ. ಆದರೆ ಆ ವೇದಿಕೆಯನ್ನು ಏರದ ಮಕ್ಕಳ ವಿಚಾರವೇನು ಎಂಬ ಪ್ರಶ್ನೆ ವಿರಳವಾಗಿ ಕೇಳಿಬರುತ್ತದೆ.

ಬೆಳಗಾವಿ ಜಿಲ್ಲೆಯ ಒಂದು ಊರಿನಲ್ಲಿ ಈ ಪ್ರಶ್ನೆ ಅನಿರೀಕ್ಷಿತವಾಗಿ ಎದ್ದಿತು. ಅಲ್ಲಿಯ ಬಸದಿ ಟ್ರಸ್ಟಿನ ಕೋಶಾಧ್ಯಕ್ಷರು ಬೆಲ್ಲದ ವ್ಯಾಪಾರಿ. ಸಮಾರಂಭ ಮುಗಿದು ಊಟದ ಪಂಕ್ತಿ ಕುಳಿತಾಗ, ನೀರು ಬಡಿಸುತ್ತಿದ್ದ ಹುಡುಗನೊಬ್ಬನ ಮೇಲೆ ಅವರ ದೃಷ್ಟಿ ಬಿತ್ತು. ಎರಡು ವರ್ಷಗಳ ಹಿಂದೆ ಅದೇ ಹುಡುಗ 625ಕ್ಕೆ 570 ಅಂಕ ಪಡೆದು ವೇದಿಕೆಯ ಮೇಲೆ ನಿಂತಿದ್ದ. ಅವನ ಕೊರಳಿಗೆ ಹಾರ ಹಾಕಿ, ‘ಈತ ಇಂಜಿನಿಯರ್ ಆಗಿ ಸಮಾಜಕ್ಕೆ ಕೀರ್ತಿ ತರುತ್ತಾನೆ’ ಎಂದು ಧ್ವನಿವರ್ಧಕದಲ್ಲಿ ಘೋಷಿಸಿದವರು ಈ ಕೋಶಾಧ್ಯಕ್ಷರೇ. ಈಗ ಅವನು ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಎರಡು ಸಲವೂ ಅನುತ್ತೀರ್ಣನಾಗಿದ್ದ. ಆ ದಿನ ಅವನನ್ನು ಯಾರೂ ಮಾತನಾಡಿಸಿರಲಿಲ್ಲ.

ಕೋಶಾಧ್ಯಕ್ಷರು ಅವನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಹುಡುಗ ತಲೆ ತಗ್ಗಿಸಿಯೇ ಹೇಳಿದ: “ಕಾಕಾ, ನಪಾಸ್ ಆಗಿದ್ದಕ್ಕ ಅಷ್ಟು ಬ್ಯಾಸರಿಲ್ಲರಿ. ಅವತ್ತ ನೀವು ಮೈಕಿನ್ಯಾಗ ಇಂಜಿನಿಯರ್ ಆಗ್ತಾನಂತ ಹೇಳಿದ್ರಿ. ಆಮ್ಯಾಲ ನನಗ ಗಣಿತ ತಿಳಿವಲ್ದು ಅಂತ ಯಾರ ಮುಂದ ಹೇಳಲಿ?”

ಆ ರಾತ್ರಿ ಲೆಕ್ಕದ ಪುಸ್ತಕ ತೆರೆದ ಕೋಶಾಧ್ಯಕ್ಷರಿಗೆ ಶಾಲು, ಪೆಂಡಾಲುಗಳ ಖರ್ಚು ಕಂಡಿತು. ಮಗುವೊಂದಕ್ಕೆ ದಾರಿ ತೋರಿಸಲು ವ್ಯಯಿಸಿದ ಒಂದು ರೂಪಾಯಿಯೂ ಕಾಣಲಿಲ್ಲ. ಹೊಗಳಿಕೆಯಿಂದಲೂ ಹಿಂಸೆ ಸಂಭವಿಸಬಹುದೆಂಬ ಸತ್ಯ ಅವರಿಗೆ ಅರಿವಾದದ್ದು ಆಗ.

ಹುಡುಗ ದಡ್ಡನೇನೂ ಆಗಿರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಎಲ್ಲ ಪಾಠಗಳನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾಯಿತು. ವೇಗೋತ್ಕರ್ಷ, ಜಡತ್ವ ಎಂದು ಬಲ್ಲವನಿಗೆ ಆಕ್ಸಿಲರೇಷನ್, ಇನರ್ಷಿಯಾ ಎಂಬುವು ಹೊಸ ವಿಷಯಗಳಂತೆ ತೋರಿದವು. ಮೊದಲ ಮೂರು ತಿಂಗಳಲ್ಲಿ ಹಿಂದೆ ಬಿದ್ದವನು ಮತ್ತೆ ಮೇಲೇಳಲಿಲ್ಲ. ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಯಾರಾದರೂ ದಿನಕ್ಕೊಂದು ಗಂಟೆ ಈ ಪದಗಳನ್ನು ಪರಿಚಯಿಸಿದ್ದರೆ ಆ ಕಷ್ಟ ಬಹುಮಟ್ಟಿಗೆ ತಪ್ಪುತ್ತಿತ್ತು.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ಅವುಗಳಲ್ಲಿ ಉಪಗೂಹನ ಐದನೆಯದು, ಸ್ಥಿತೀಕರಣ ಆರನೆಯದು, ವಾತ್ಸಲ್ಯ ಏಳನೆಯದು, ಪ್ರಭಾವನೆ ಕೊನೆಯದು. ಶಾಸ್ತ್ರದಲ್ಲಿ ಇವು ಧರ್ಮಮಾರ್ಗವನ್ನು ಕುರಿತು ಹೇಳಿದ ಮಾತುಗಳಾದರೂ ಲೋಕವ್ಯವಹಾರಕ್ಕೂ ಬೆಳಕು ನೀಡುತ್ತವೆ. ಸೋತವನ ಕೊರತೆಯನ್ನು ಬಯಲಿಗೆಳೆಯದಿರುವುದು, ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು, ಅವನಲ್ಲಿ ಪ್ರೀತಿಯಿಡುವುದು ಇವೆಲ್ಲ ಆದ ಮೇಲೆ ಪ್ರಭಾವನೆ. ಸಮಾಜವು ಎಂಟನೆಯದನ್ನು ಮೊದಲು ಮಾಡಿ ಆರನೆಯದನ್ನು ಮರೆತಂತಾಗಿದೆ.

ವೃತ್ತಿಯ ವಿಷಯದಲ್ಲಿಯೂ ಪೂರ್ವಜರ ದೃಷ್ಟಿ ವಿಶಾಲವಾಗಿತ್ತು. ಭಗವಾನ್ ಆದಿನಾಥರು ಜನರಿಗೆ ಬೋಧಿಸಿದ ಜೀವನೋಪಾಯ ಒಂದಲ್ಲ, ಆರು: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಪುತ್ರಿಯರಾದ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದರೆಂದು ಪುರಾಣ ಸಾರುತ್ತದೆ. ಅಂಥ ಪರಂಪರೆಯ ಮನೆಗಳಲ್ಲಿ ಇಂದು ವೈದ್ಯ, ಇಂಜಿನಿಯರ್ ಎಂಬ ಎರಡೇ ಹೆಸರುಗಳು ಕೇಳಿಬರುವುದು ವಿಷಾದಕರ. ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು ಸ್ವತಃ ಉಚ್ಚ ಶಿಕ್ಷಣ ಪಡೆದವರಲ್ಲ. ಆದರೂ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿಯುತ್ತ ಕಲಿಯುವ ಮಾರ್ಗವನ್ನು ಬಡ ಮಕ್ಕಳಿಗೆ ತೆರೆದರು. ಅಂಕಪಟ್ಟಿಯಿಂದ ಮನುಷ್ಯನನ್ನು ಅಳೆಯುವವರಿಗೆ ಈ ಒಂದು ಉದಾಹರಣೆ ಸಾಕು.

ಆ ಊರಿನಲ್ಲಿ ಮರು ತಿಂಗಳಿನಿಂದ ಪ್ರತಿ ಭಾನುವಾರ ಬೆಳಗಿನ ಪೂಜೆಯ ಬಳಿಕ ಬಸದಿಯ ಸಭಾಗೃಹದಲ್ಲಿ ಒಂದು ಗಂಟೆಯ ಮಾರ್ಗದರ್ಶನ ಆರಂಭವಾಯಿತು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳನ್ನು ಕರೆದರು; ತಂದೆತಾಯಿಗಳನ್ನೂ ಕೂರಿಸಿದರು. ನಿವೃತ್ತ ಶಿಕ್ಷಕರು, ಬ್ಯಾಂಕ್ ಉದ್ಯೋಗಿಗಳು, ಕೃಷಿ ಪದವೀಧರರು ಸರದಿಯಂತೆ ಬಂದು ತಿಳಿಸಿದ ಸಂಗತಿಗಳು ಸರಳವಾದರೂ ಬೆಲೆಯುಳ್ಳವು. ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟವರಿಗೆ ಇಂಜಿನಿಯರಿಂಗ್ ಬಾಗಿಲು, ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯದ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ವಾಣಿಜ್ಯ ಓದಿದವರು ಸಿ.ಎ. ಫೌಂಡೇಶನ್ ಪರೀಕ್ಷೆ ಬರೆಯಬಹುದು. 2023ರ ಹೊಸ ಯೋಜನೆಯಂತೆ ಅದರ ಪ್ರಾಯೋಗಿಕ ತರಬೇತಿ ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ. ಎಸ್.ಎಸ್.ಎಲ್.ಸಿ. ಬಳಿಕ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುವುದರಿಂದ ಒಂದು ಸೋಲು ಒಂದು ವರ್ಷವನ್ನೇ ನುಂಗಬೇಕಾಗಿಲ್ಲ.

ಈ ಕಾರ್ಯದಲ್ಲಿ ಪರೀಕ್ಷೆ ಟ್ರಸ್ಟಿಗೂ ಒದಗಿತು. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಬಳಿಕ ಆ ವರ್ಗದ ವಿದ್ಯಾರ್ಥಿವೇತನಗಳಿಗೂ ಸಮಾಜದ ಮಕ್ಕಳು ಅರ್ಜಿ ಸಲ್ಲಿಸತೊಡಗಿದರು. ಇಂಥ ಅರ್ಜಿಗಳಿಗೆ ಆದಾಯದ ಪ್ರಮಾಣಪತ್ರ ಅಗತ್ಯ. ಸ್ಥಿತಿವಂತ ಸದಸ್ಯರೊಬ್ಬರು ಆದಾಯವನ್ನು ತಗ್ಗಿಸಿ ಬರೆದ ಅರ್ಜಿಗೆ ಟ್ರಸ್ಟಿನ ಶಿಫಾರಸು ಪತ್ರ ಬೇಡಿದರು. ಕೋಶಾಧ್ಯಕ್ಷರು ಕೈಮುಗಿದು ನಿರಾಕರಿಸಿದರು: “ಅಣ್ಣಾ, ಇದು ಬಡವರ ಕೂಸಿನ ಪಾಲು. ಇದಕ್ಕ ಸಹಿ ಮಾಡಿದರ ಸತ್ಯಾಣುವ್ರತಾನೂ ಹೋತು, ಅಚೌರ್ಯಾನೂ ಹೋತು.” ಆ ಸದಸ್ಯರು ಮುನಿದು ತಮ್ಮ ವಾರ್ಷಿಕ ದೇಣಿಗೆಯನ್ನು ನಿಲ್ಲಿಸಿದರು. ಹಣ ಸಾಲದಾಯಿತು. ಆಗ ಟ್ರಸ್ಟು ಶಾಲು ಹಾಗೂ ಪೆಂಡಾಲುಗಳನ್ನು ಕೈಬಿಟ್ಟು, ಉಳಿದ ಮೊತ್ತದಿಂದ ಬಡ ಮಕ್ಕಳ ಅರ್ಜಿ ಶುಲ್ಕವನ್ನು ಭರಿಸಿತು. ಸುಳ್ಳಿನ ಮೆಟ್ಟಿಲಿನಿಂದ ವಿದ್ಯೆಯ ಮನೆಯನ್ನು ಪ್ರವೇಶಿಸಿದ ಮಗು ಮೊದಲ ಪಾಠವಾಗಿ ಸುಳ್ಳನ್ನೇ ಕಲಿಯುತ್ತದೆ ಎಂಬುದನ್ನು ಪಾಲಕರು ಮರೆಯಬಾರದು.

ಇನ್ನು ಆ ಹುಡುಗ. ಹೊಲದ ಪಂಪ್‌ಸೆಟ್ ಕೆಟ್ಟರೆ ಬಿಚ್ಚಿ ಸರಿಪಡಿಸುವುದು ಅವನಿಗೆ ಬಾಲ್ಯದಿಂದಲೂ ಪ್ರಿಯವೆಂಬುದು ತಾಯಿಗೆ ಮಾತ್ರ ಗೊತ್ತಿತ್ತು; ತಾಯಿಯನ್ನು ಯಾರೂ ಕೇಳಿರಲಿಲ್ಲ. ಎರಡು ವರ್ಷ ವ್ಯರ್ಥವಾಯಿತೆಂದು ತಂದೆ ಬಹಳ ನೊಂದರು. ಕೋಶಾಧ್ಯಕ್ಷರು ಮೂರು ಬಾರಿ ಮನೆಗೆ ಹೋಗಿ ಸಮಾಧಾನ ಹೇಳಬೇಕಾಯಿತು. ಈಗ ಅವನು ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾನೆ. ಮುಂದೆ ಏನಾಗುವನೋ ಯಾರೂ ಘೋಷಿಸಿಲ್ಲ. ಘೋಷಿಸಬಾರದೆಂದು ಕೋಶಾಧ್ಯಕ್ಷರು ನಿಯಮವನ್ನೇ ಮಾಡಿದ್ದಾರೆ. ರಜೆಯಲ್ಲಿ ಬಂದಾಗ ಅವನು ಭಾನುವಾರದ ಸಭೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳನ್ನು ಕೂರಿಸಿಕೊಂಡು ಆಕ್ಸಿಲರೇಷನ್ ಎಂದರೇನೆಂದು ತಿಳಿಸುತ್ತಾನೆ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ವಿಧಿಸಿದ್ದಾರೆ. ಒಂಬತ್ತನೆಯ ತರಗತಿಯ ಮಗುವಿಗೆ ಸಕಾಲದಲ್ಲಿ ದೊರೆತ ತಿಳಿವಳಿಕೆ ಜ್ಞಾನದಾನವಾದರೆ, ‘ನೀನು ಸೋತರೂ ನಮ್ಮವನೇ’ ಎಂಬ ಭರವಸೆ ಅಭಯದಾನ. ಪ್ರತಿಯೊಂದು ಬಸದಿಯ ಟ್ರಸ್ಟು ಮುಂದಿನ ಪುರಸ್ಕಾರ ಸಮಾರಂಭಕ್ಕೆ ಮೊದಲು ಇಂಥ ಒಂದು ಭಾನುವಾರವನ್ನಾದರೂ ಮೀಸಲಿಡಲಿ.