ಎದೆಯ ಕಡಿವಾಣ

ನಮ್ಮ ನುಡಿಯಲ್ಲಿ ಎದೆಗೆ ದೊರೆತಿರುವಷ್ಟು ಕೆಲಸವು ದೇಹದ ಮತ್ತಾವ ಅಂಗಕ್ಕೂ ದೊರೆತಂತೆ ತೋರುವುದಿಲ್ಲ. ಧೈರ್ಯವುಳ್ಳವನನ್ನು ಎದೆಗಾರನೆನ್ನುತ್ತೇವೆ, ಧೈರ್ಯಗೆಟ್ಟವನು ಎದೆಗುಂದುತ್ತಾನೆ. ಕೆಟ್ಟ ಸುದ್ದಿ ಬಂದರೆ ಎದೆ ಝಲ್ಲೆನ್ನುತ್ತದೆ. ಸಾಲ ಕೊಟ್ಟವನು ಬಾಗಿಲು ತಟ್ಟಿದರೆ ಡವಡವನೆ ಹೊಡೆದುಕೊಳ್ಳುತ್ತದೆ. ಈ ಮಾತುಗಳನ್ನು ಕಟ್ಟಿದ ಹಿರಿಯರು ಶರೀರಶಾಸ್ತ್ರವನ್ನು ಓದಿದವರಲ್ಲ. ಆದರೂ ಮನಸ್ಸಿಗೆ ಪೆಟ್ಟು ಬಿದ್ದಾಗ ಮೊದಲು ಓಡತೊಡಗುವುದು ಹೃದಯವೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆ ಓಟಕ್ಕೆ ಕಡಿವಾಣವಾಗಿರುವ ಒಂದು ಚಿಕ್ಕ ಗುಳಿಗೆಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನನ್ನ ಇಚ್ಛೆ. ನಾನು ವೈದ್ಯನಲ್ಲ, ರಕ್ತದ ಒತ್ತಡಕ್ಕೂ ಎದೆನೋವಿಗೂ ಏಳು ವರ್ಷಗಳಿಂದ ಅದನ್ನು ದಿನವೂ ನುಂಗುತ್ತಿರುವ ರೋಗಿ. ರೋಗಿಗೂ ತನ್ನ ಔಷಧದ ವಿಷಯದಲ್ಲಿ ಒಂದು ಬಗೆಯ ಪಾಂಡಿತ್ಯವು ತಾನಾಗಿಯೇ ಬರುವುದುಂಟು.

ಇದನ್ನು ವೈದ್ಯರು ಬೀಟಾ ಬ್ಲಾಕರ್ ಎನ್ನುತ್ತಾರೆ. ಇದು ಒಂದೇ ಔಷಧವಲ್ಲ, ಒಂದು ಮನೆತನ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಬಿಸೊಪ್ರೊಲಾಲ್ ಎಂದು ಎಲ್ಲರ ಹೆಸರೂ ಲಾಲ್ ಎಂದೇ ಮುಗಿಯುತ್ತದೆ. ಮೊದಲ ಸಲ ಚೀಟಿಯನ್ನು ಓದಿದಾಗ ಉತ್ತರ ದೇಶದ ಯಾರೋ ಸೇಠರ ಅಂಗಡಿಗೆ ನನ್ನನ್ನು ಕಳುಹಿಸುತ್ತಿದ್ದಾರೆಂದೇ ಭಾವಿಸಿದೆನು. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಬೇರೆ ಹೆಸರು ದೊಡ್ಡದಾಗಿದ್ದರೂ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಈ ಲಾಲ್ ಎಂಬ ಬಾಲವನ್ನು ಹುಡುಕಿ ನೋಡುವುದು ಲೇಸು. ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವ ಅಪಾಯವು ಅದರಿಂದ ತಪ್ಪುತ್ತದೆ.

ಇದರ ಜನ್ಮವೃತ್ತಾಂತವು ಸ್ವಾರಸ್ಯವಾದುದು. ಭಯವಾಗಲಿ ಶ್ರಮವಾಗಲಿ ಒದಗಿದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ಸ್ರವಿಸಿ ಹೃದಯವನ್ನು ಚುರುಕುಗೊಳಿಸುತ್ತದೆ. ಈ ರಸವು ಬೀಗದೊಳಗೆ ಕೀಲಿ ಹೊಕ್ಕಂತೆ ದೇಹದ ಕಣಗಳೊಳಗೆ ಕೆಲಸ ಮಾಡುತ್ತದೆಂದೂ, ಆ ಬೀಗಗಳು ಆಲ್ಫಾ, ಬೀಟಾ ಎಂದು ಎರಡು ಜಾತಿಯವೆಂದೂ 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಪ್ರತಿಪಾದಿಸಿದನು. ಆಗ ಅದನ್ನು ಲಕ್ಷ್ಯಕ್ಕೆ ತಂದುಕೊಂಡವರು ಕೆಲವರೇ. ಹತ್ತು ವರ್ಷಗಳ ಮೇಲೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಎಂಬಾತನು ಅದೇ ವಿಚಾರವನ್ನು ಹಿಡಿದು ಹೊರಟನು. ಎದೆನೋವೆಂದರೆ ಹೃದಯಕ್ಕೆ ಬೇಕಾದಷ್ಟು ಪ್ರಾಣವಾಯು ದೊರೆಯದಿರುವುದು. ಅಂದಿನವರು ರಕ್ತದ ಪೂರೈಕೆಯನ್ನು ಹೇಗೆ ಹೆಚ್ಚಿಸುವುದೆಂದು ಯೋಚಿಸುತ್ತಿದ್ದರು; ಆತನು ಹೃದಯದ ಬೇಡಿಕೆಯನ್ನೇ ಏಕೆ ತಗ್ಗಿಸಬಾರದೆಂದು ಕೇಳಿದನು. ವರಮಾನವನ್ನು ಹೆಚ್ಚಿಸಲಾರದ ಗೃಹಸ್ಥನು ವೆಚ್ಚಕ್ಕೆ ಕೈಹಚ್ಚುವುದಿಲ್ಲವೆ? ಬೀಟಾ ಬೀಗದ ಕಿಂಡಿಯನ್ನು ಮುಚ್ಚಿಬಿಟ್ಟರೆ ಅಡ್ರಿನಲಿನ್ ಎಷ್ಟು ಕೂಗಿದರೂ ಹೃದಯವು ಓಡುವುದಿಲ್ಲ. ಹೀಗೆ 1960ರ ದಶಕದ ನಡುವಿನಲ್ಲಿ ಪ್ರೊಪ್ರನೊಲಾಲ್ ಬಳಕೆಗೆ ಬಂದಿತು. 1988ರಲ್ಲಿ ಬ್ಲ್ಯಾಕನು ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರನಾದನು.

ನನ್ನ ಮಟ್ಟಿಗೆ ಹೇಳುವುದಾದರೆ, ಊರ ಗುಡ್ಡದ ಮೆಟ್ಟಿಲುಗಳನ್ನು ಹತ್ತುವಾಗ ಅರ್ಧ ದಾರಿಯಲ್ಲೇ ಎದೆಯನ್ನು ಯಾರೋ ಹಿಂಡಿದಂತಾಗುತ್ತಿದ್ದುದು ಗುಳಿಗೆ ಹಿಡಿದ ಕೆಲವು ವಾರಗಳಲ್ಲೇ ನಿಂತಿತು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಚಳಿಗಾಲದಲ್ಲಿ ಬೆರಳುಗಳು ತಣ್ಣಗಾಗುತ್ತವೆ. ಮೊದಲಿನ ದಿನಗಳಲ್ಲಿ ಕಾಲುಗಳಿಗೆ ಮಣಭಾರ. ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ. ಆದುದರಿಂದ ಹಾಸಿಗೆಯ ಮೇಲೆ ಎದ್ದು ಕುಳಿತು, ಸ್ವಲ್ಪ ತಡೆದು, ಆಮೇಲೆ ನೆಲಕ್ಕೆ ಕಾಲಿಡುವುದನ್ನು ರೂಢಿಮಾಡಿಕೊಂಡಿದ್ದೇನೆ. ಬೆಳಗ್ಗೆ ಮಣಿಕಟ್ಟನ್ನು ಹಿಡಿದು ಒಂದು ನಿಮಿಷ ನಾಡಿಯನ್ನೂ ಎಣಿಸುತ್ತೇನೆ. 50ಕ್ಕಿಂತ ಕೆಳಗಿಳಿದರೆ ತಿಳಿಸಬೇಕೆಂದು ನನ್ನ ವೈದ್ಯರ ಅಪ್ಪಣೆ. ಇತರರಿಗೆ ಅವರವರ ವೈದ್ಯರು ಹೇಳಿದ ಅಂಕಿಯೇ ಪ್ರಮಾಣ.

ಆದರೆ ಈ ಗುಳಿಗೆಯ ನಿಜವಾದ ಗಂಡಾಂತರವಿರುವುದು ಅದನ್ನು ನುಂಗುವುದರಲ್ಲಿ ಅಲ್ಲ, ನಿಲ್ಲಿಸುವುದರಲ್ಲಿ. ನನ್ನ ಅಕ್ಕನ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರಿಗೂ ಇದೇ ಔಷಧ. ಎಂಟು ತಿಂಗಳಲ್ಲಿ ಎದೆನೋವಿನ ಸುಳಿವೇ ಇಲ್ಲವಾಯಿತು. ಊರ ಜಾತ್ರೆಗೆ ಹೋದಾಗ ಗುಳಿಗೆ ಮುಗಿದುವು. ತರಿಸಲು ಅಕ್ಕ ಹೊರಟರೆ, "ರೋಗವೇ ಹೋದ ಮೇಲೆ ಔಷಧವೇಕೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಎಂದು ತಡೆದರಂತೆ. ಭಾವನವರು ಆಗ ಇನ್ನೂ ನಡುಹೊಳೆಯಲ್ಲಿದ್ದರು. ಐದನೆಯ ದಿನ ರಾತ್ರಿ ಎದೆಯಲ್ಲಿ ಮೊದಲಿಗಿಂತಲೂ ಉಗ್ರವಾದ ನೋವು ಕಾಣಿಸಿಕೊಂಡಿತು. ಸುದ್ದಿ ತಿಳಿದು ಮರುದಿನ ನಾನು ಆಸ್ಪತ್ರೆಗೆ ಓಡಿದಾಗ ಅವರು ಮಾತನಾಡುವ ಸ್ಥಿತಿಯಲ್ಲಿದ್ದುದು ದೈವಕೃಪೆ. "ಬಂದೊಡನೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇನಯ್ಯ? ಯಾವ ಮಾತ್ರೆ ನಿಲ್ಲಿಸಿದಿರಿ ಯಜಮಾನರೆ, ಎಂದು!" ಎಂದು ಭಾವನವರು ಕ್ಷೀಣವಾಗಿ ನಕ್ಕರು. ಪಕ್ಕದಲ್ಲಿದ್ದ ಅಕ್ಕ ನಗಲಿಲ್ಲ.

ಇದರ ಕಾರಣವನ್ನು ಆ ವೈದ್ಯರೇ ವಿವರಿಸಿದರು. ಕಿಂಡಿಗಳನ್ನು ಬಹುಕಾಲ ಮುಚ್ಚಿಟ್ಟರೆ ದೇಹವು ಸುಮ್ಮನಿರುವುದಿಲ್ಲ; ಹೊಸ ಬೀಗಗಳನ್ನು ಹುಟ್ಟಿಸಿಕೊಳ್ಳುತ್ತದೆ. ಔಷಧವಿರುವ ತನಕ ಇವೂ ಮುಚ್ಚಿರುತ್ತವೆ. ಅದು ಥಟ್ಟನೆ ತಪ್ಪಿದರೆ ಹಳೆಯವೂ ಹೊಸವೂ ಒಮ್ಮೆಗೇ ತೆರೆದುಕೊಂಡು, ಅಷ್ಟೇ ಅಡ್ರಿನಲಿನ್ ಹೃದಯವನ್ನು ಇಮ್ಮಡಿ ಬಿರುಸಿನಿಂದ ಅಟ್ಟುತ್ತದೆ. ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದಾಗ ವೈದ್ಯರು ಒಂದೆರಡು ವಾರಗಳ ಕಾಲ, ಕೆಲವೊಮ್ಮೆ ಇನ್ನೂ ನಿಧಾನವಾಗಿ, ಪ್ರಮಾಣವನ್ನು ಮೆಟ್ಟಿಲಿಳಿಸುತ್ತಾರೆ. ಓಡುವ ಕುದುರೆಯ ಕಡಿವಾಣವನ್ನು ಒಮ್ಮೆಗೇ ಕೈಬಿಟ್ಟರೆ ಕುದುರೆಗಿಂತ ಸವಾರನಿಗೇ ಅಪಾಯವಲ್ಲವೆ? ಒಂದು ಹೊತ್ತು ಮರೆತರೆ ನೆನಪಾದೊಡನೆ ನುಂಗಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಮರೆತುದನ್ನು ಬಿಟ್ಟುಬಿಡಬೇಕು. ಎರಡನ್ನು ಕೂಡಿಸಿ ನುಂಗುವುದು ಎಂದಿಗೂ ಸಲ್ಲದು.

ಇನ್ನು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ಹೇಳಬೇಕಾದ ಸಂಗತಿಗಳು ಕೆಲವಿವೆ. ಉಬ್ಬಸವಿರುವವರಿಗೆ ಈ ಮನೆತನದ ಕೆಲವು ಔಷಧಗಳು ಉಸಿರಿನ ದಾರಿಯನ್ನೇ ಬಿಗಿಯಬಲ್ಲವು. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ರಕ್ತದ ಸಕ್ಕರೆ ತೀರ ಇಳಿದಾಗ ಎದೆಬಡಿತವೂ ನಡುಕವೂ ಎಚ್ಚರಿಕೆಯ ಗಂಟೆಗಳು. ಗುಳಿಗೆಯು ಆ ಗಂಟೆಯ ನಾಲಗೆಯನ್ನು ಹಿಡಿದುಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ, ಅದನ್ನು ಅಲಕ್ಷ್ಯಮಾಡಬಾರದು. ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬ ಹೃದಯದ ಔಷಧಗಳು ಇದರೊಡನೆ ಸೇರಿದರೆ ಬಡಿತವು ಅಪಾಯಕರವಾಗಿ ನಿಧಾನವಾಗಬಹುದು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಮನೆತನದ್ದು. ಕಣ್ಣಿಗೆ ಬಿದ್ದುದು ರಕ್ತಕ್ಕೂ ಸೇರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ತಾವಾಗಿ ಗುಳಿಗೆಯನ್ನು ಬಿಡದೆ, ಅರಿವಳಿಕೆ ಕೊಡುವವರಿಗೆ ತಿಳಿಸಬೇಕು. ನೆಗಡಿಗೆ ಅಂಗಡಿಯವನು ಕೊಡುವ ಔಷಧವನ್ನೂ ಕೇಳಿಯೇ ನುಂಗಬೇಕು. ಮೂಗು ಕಟ್ಟಿದುದನ್ನು ಬಿಡಿಸುವ ಕೆಲವು ಮಾತ್ರೆಗಳು ರಕ್ತದ ಒತ್ತಡವನ್ನು ಏರಿಸುತ್ತವೆ.

ಗುಳಿಗೆಯ ಗುಣಗಾನದಲ್ಲಿ ಸತ್ಯವನ್ನು ಮರೆಯಬಾರದು. ಬೇರೆ ತೊಡಕಿಲ್ಲದ ಬರಿಯ ರಕ್ತದ ಒತ್ತಡಕ್ಕೆ ಇಂದು ಅನೇಕ ವೈದ್ಯರು ಮೊದಲು ಬೇರೆ ಔಷಧಗಳನ್ನೇ ಕೊಡುತ್ತಾರೆ. ಎದೆನೋವಿರುವವರಿಗೆ, ಹೃದಯದ ಬಲ ಕುಗ್ಗಿದವರಿಗೆ ಇದರ ಗೌರವ ಹಾಗೆಯೇ ಉಳಿದಿದೆ. ಆದುದರಿಂದ ನೆರೆಯವನಿಗೆ ಗುಣವಾಯಿತೆಂದು ಅವನ ಡಬ್ಬಿಯಿಂದ ಎರಡು ಗುಳಿಗೆಯನ್ನು ಎರವಲು ಪಡೆಯುವ ನಮ್ಮ ಹಳೆಯ ಸ್ನೇಹಪದ್ಧತಿ ಇಲ್ಲಿ ಕೂಡದು. ಗುಳಿಗೆಯನ್ನು ನುಂಗುತ್ತಿದ್ದರೂ ಎದೆಯಲ್ಲಿ ನೋವೆದ್ದು, ವಿಶ್ರಾಂತಿಯಿಂದ ಶಮನವಾಗದೆ, ಬೆವರು ಕಿತ್ತು ಬಂದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಬೇಕು.

ಜ್ವರದ ಔಷಧವು ಜ್ವರವನ್ನಿಳಿಸಿ ಹೊರಟುಹೋಗುತ್ತದೆ, ಅದು ಅತಿಥಿ. ಈ ಗುಳಿಗೆ ಮನೆಯಲ್ಲೇ ಉಳಿದ ಆಳು. ಸದ್ದಿಲ್ಲದೆ ದುಡಿಯುವುದರಿಂದ ಅದು ದುಡಿಯುತ್ತಿದೆಯೆಂಬುದೇ ಮರೆತುಹೋಗುತ್ತದೆ. ನೋವಿಲ್ಲದ ದಿನವು ರೋಗವು ಹೋದುದರ ಗುರುತಲ್ಲ, ಆಳು ಕೆಲಸಕ್ಕೆ ಬಂದುದರ ಗುರುತು. ಭಾವನವರು ಈಗ ಪಂಚಾಂಗದ ಪಕ್ಕದಲ್ಲೇ ಗುಳಿಗೆಯ ಡಬ್ಬಿಯನ್ನಿಟ್ಟು, ತಿಥಿಯನ್ನು ನೋಡುವಾಗ ಅದನ್ನೂ ನೋಡುತ್ತಾರೆ. ಹತ್ತು ದಿನಗಳಿಗಾಗುವಷ್ಟು ಉಳಿದಾಗಲೇ ಹೊಸದು ಮನೆಗೆ ಬರುತ್ತದೆ. ವಾಚಕರಲ್ಲಿ ಯಾರ ಮನೆಯಲ್ಲಾದರೂ ಲಾಲ್ ಮನೆತನದ ಈ ಆಳಿದ್ದರೆ, ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಡಬ್ಬಿಯಲ್ಲಿ ಎಷ್ಟು ಉಳಿದಿವೆಯೆಂದು ಒಮ್ಮೆ ಎಣಿಸಿ ನೋಡಬೇಕೆಂದು ನನ್ನ ವಿಜ್ಞಾಪನೆ.