ನಡುರಾತ್ರಿಯ ಗಡಿ

ದಿನವು ಎಲ್ಲಿಂದ ಮೊದಲಾಗುವುದೆಂದು ಕೇಳಿದರೆ ನಮ್ಮ ಪಂಚಾಂಗವು ಸೂರ್ಯೋದಯದಿಂದ ಎನ್ನುವುದು; ಗಡಿಯಾರವು ನಡುರಾತ್ರಿಯಿಂದ ಎನ್ನುವುದು. ಕಾಲಪ್ರವಾಹಕ್ಕೆ ಈ ಎರಡು ಗಡಿಗಳೂ ಇಲ್ಲ. ಇವು ವ್ಯವಹಾರದ ಅನುಕೂಲಕ್ಕಾಗಿ ನಾವು ಹಾಕಿಕೊಂಡವು. ಇದು ಬರಿಯ ತರ್ಕವಿನೋದವೆಂದು ವಾಚಕರು ಎಣಿಸಬಾರದು. ವೇಳೆಯ ಲೆಕ್ಕವನ್ನು ಚಿತ್ರವಾಗಿ ಬರೆಯುವಾಗ ಈ ಗಡಿಯು ಸತ್ಯವನ್ನೇ ಮರೆಮಾಡಬಲ್ಲುದು.

ಅಂಕಿಗಳನ್ನು ವರ್ಗಾಂತರಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಎಷ್ಟೆಷ್ಟು ಬಿದ್ದವೆಂಬುದನ್ನು ಒತ್ತಾಗಿ ನಿಂತ ಕಂಬಗಳಿಂದ ತೋರಿಸುವ ಚಿತ್ರಕ್ಕೆ ಹಿಸ್ಟೋಗ್ರಾಂ ಎಂಬ ಹೆಸರನ್ನು ಕಾರ್ಲ್ ಪಿಯರ್ಸನ್ನರು 1890ರ ದಶಕದಲ್ಲಿ ಬಳಕೆಗೆ ತಂದರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್’ ಎಂಬ ಗಣಕಭಾಷೆಯು ಇದನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವುದು. ಅದರ ಪಾಲಿಗೆ ಕಾಲವೆಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಆ ಎಣಿಕೆಯೂ ಸಾರ್ವತ್ರಿಕ ಕಾಲಮಾನದ್ದು. ನಮ್ಮ ಕಾಲವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದನ್ನು ತಿಳಿಸದಿದ್ದರೆ ನಮ್ಮ ನಡುರಾತ್ರಿಯು ಸಂಜೆ ಆರೂವರೆಯಾಗಿ ಕಾಣಿಸುವುದು. ತಾರೀಖುಗಳನ್ನು ಕೊಟ್ಟರಂತೂ ದಿನವೋ ವಾರವೋ ತಿಂಗಳೋ, ಯಾವ ಅಳತೆಯಿಂದ ವಿಂಗಡಿಸಬೇಕೆಂದು ಅದು ನಮ್ಮನ್ನೇ ಕೇಳುವುದು.

ನನ್ನ ಮಾತೃಶ್ರೀಯವರಿಗೆ ಉಬ್ಬಸದ ವ್ಯಾಧಿಯುಂಟು. ಕಳೆದ ಮಳೆಗಾಲವೆಲ್ಲ ಅದು ಕೆರಳಿದ ವೇಳೆಗಳನ್ನು ನನ್ನ ತಂಗಿಯು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ನಾನು ತಾರೀಖುಗಳನ್ನು ಬಿಟ್ಟು ವೇಳೆಗಳನ್ನಷ್ಟೇ ಆರಿಸಿ, ಗಂಟೆಗೊಂದರಂತೆ 0ಯಿಂದ 24ರವರೆಗೆ ಕಂಬಗಳನ್ನು ಬರೆಯಿಸಿದೆನು. ಎಡದಂಚಿಗೆ ಒಂದು ಗುಂಪು, ಬಲದಂಚಿಗೆ ಮತ್ತೊಂದು, ನಡುವೆಲ್ಲ ಬಯಲು. ತಂಗಿಯು ನೋಡಿ, “ಅಣ್ಣ, ಅಮ್ಮನಿಗೆ ಎರಡು ಹೊತ್ತು ಬರುವುದೇ? ನನಗೆ ಗೊತ್ತಿರುವುದು ಒಂದೇ ರಾತ್ರಿ” ಎಂದಳು.

ಅವಳ ಮಾತೇ ನಿಜ. ರಾತ್ರಿ 11 ಗಂಟೆಯೂ 1 ಗಂಟೆಯೂ ನೆರೆಹೊರೆಯವು. ಚಿತ್ರದಲ್ಲಿ ಅವು ಎರಡು ದಿಕ್ಕಿನ ಪಾಲಾಗಿದ್ದವು. 23 ಮತ್ತು 1ರ ಸರಾಸರಿಯನ್ನು ತೆಗೆದರೆ ಬರುವುದು 12, ಎಂದರೆ ಮಟಮಟ ಮಧ್ಯಾಹ್ನ. ತಾಯಿಯವರು ಜಗಲಿಯಲ್ಲಿ ಸುಖವಾಗಿ ಕುಳಿತಿರುವ ಹೊತ್ತು! ಚಿತ್ರವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಬರೆಯಿಸಿದಾಗ ಎರಡು ಗುಂಪುಗಳೂ ಕೂಡಿ ಒಂದೇ ಗುಡ್ಡವಾದವು. ವೈದ್ಯರು ಅದನ್ನು ನೋಡಿ, ಔಷಧದ ಹೊತ್ತನ್ನು ಬದಲಿಸಿದರಲ್ಲದೆ ಹಾಸಿಗೆ ದಿಂಬುಗಳ ಧೂಳನ್ನೂ ವಿಚಾರಿಸಿದರು.

ಕಾಲವು ಚಕ್ರ, ಕಾಗದವು ಚಪ್ಪಟೆ. ಎಲ್ಲಿಯಾದರೂ ಒಂದೆಡೆ ಕತ್ತರಿಸದೆ ಚಕ್ರವನ್ನು ಕಾಗದದ ಮೇಲೆ ಹಾಸಲಾಗದು. ಆದರೆ ಬದುವನ್ನು ಬರಿನೆಲದಲ್ಲಿ ಹಾಕಬೇಕೇ ಹೊರತು ಬೆಳೆ ನಿಂತ ಗದ್ದೆಯ ನಡುವೆ ಹಾಕುವವರುಂಟೆ?